ಆಕ್ಷೇಪಣೆ ಇಲ್ಲವೆಂದು ಪರಿಗಣಿಸಲಾಗುವುದು

ನಮ್ಮ ಬಡಾವಣೆಯ ಹಳೇ ಬಸ್ ಸ್ಟಾಪಿನ ಗೋಡೆಗೆ ಯಾರೋ ಒಂದು ನೋಟಿಸ್ ಅಂಟಿಸಿ ಹೋಗಿದ್ದರು. ಬಸ್ಸು ಇನ್ನು ಮೇಲೆ ಈ ರಸ್ತೆಗೆ ಬರುವುದಿಲ್ಲ, ಕಾಯಂ ಆಗಿ ಆಚೆ ರಿಂಗ್ ರೋಡಿನಲ್ಲೇ ಹೋಗುತ್ತದೆ, ಈ ಬಗ್ಗೆ ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಅಂತ ಅದರಲ್ಲಿತ್ತು. ಆ ಸ್ಟಾಪಿಗೆ ಬಸ್ಸು ಬರುವುದು ನಿಂತು ಮೂರು ವರ್ಷವಾಗಿದೆ. ಹಾಗಾಗಿ ಅಲ್ಲಿ ಕಾಯುವವರು ಯಾರೂ ಇಲ್ಲ. ಬಸ್ಸಿಗೆ ಕಾಯುವವರು ಓದಲಿ ಅಂತ ನೋಟಿಸನ್ನು ಅಲ್ಲೇ ಅಂಟಿಸಿದ್ದರು.

ಅದನ್ನು ಮೊದಲು ನೋಡಿದ್ದು ಅಲ್ಲಿ ಮಲಗುವ ನಾಯಿ ಇರಬೇಕು. ಎರಡನೆಯವನು ನಾನು. ನನಗೂ ಅರ್ಧ ಮಾತ್ರ ಕಂಡಿತು. ಉಳಿದರ್ಧದ ಮೇಲೆ 'ಪುರುಷರಿಗೆ ಪಿಜಿ, ಊಟ ವೈಫೈ ಸಹಿತ' ಅನ್ನುವ ಚೀಟಿ ಬಿದ್ದಿತ್ತು. ಉಗುರಿನಲ್ಲಿ ಕೆರೆದು ತೆಗೆದೆ. ಕೊನೆಯ ಸಾಲು ಸಿಕ್ಕಿತು: 'ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಲಾಗುವುದು.' ನಿಗದಿತ ಅವಧಿ ಏಳು ದಿನ. ನೋಟಿಸಿನ ತಾರೀಖಿಗೆ ಆಗಲೇ ಐದು ದಿನ ತುಂಬಿತ್ತು.

ಯಾರ ನೋಟಿಸ್ ಅಂತ ಹೇಳಲ್ಲ. ಹೇಳಿದರೆ ಸಿಟ್ಟಾಗಿ ನಮ್ಮ ರಸ್ತೆಗೆ ಬಸ್ಸು ಕಳಿಸುವುದನ್ನೇ ನಿಲ್ಲಿಸಿಬಿಟ್ಟಾರು.

ಹಿಂದೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯನ್ನೂ ಒಂದು ಮಾತು ಕೇಳುತ್ತಿದ್ದರು. ಅವಳು ತಲೆ ತಗ್ಗಿಸಿದರೆ ಒಪ್ಪಿಗೆ ಅಂತ ಲೆಕ್ಕ. ತಲೆ ಎತ್ತಿದರೆ ನಾಚಿಕೆ ಇಲ್ಲ ಅಂತ ಬೈಯುತ್ತಿದ್ದರು, ಅದು ಬೇರೆ ಮಾತು. ಆದರೂ ಹುಡುಗಿ ಎದುರಿಗಿರುತ್ತಿದ್ದಳು. ಇಲ್ಲಿ ಹುಡುಗಿ ಕೆಲಸಕ್ಕೆ ಹೋಗಿದ್ದಾಳೆ, ಖಾಲಿ ಕೋಣೆಯನ್ನು ಕೇಳಿ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದಾರೆ.

ಕಾನೂನು ನೋಡಿದರೆ ತುಂಬಾ ಒಳ್ಳೆಯದೇ. ಮೋಟಾರು ವಾಹನ ಕಾಯ್ದೆ, 1988ರದ್ದು. ಸರ್ಕಾರ ಬಸ್ ಓಡಿಸುವ ಯೋಜನೆ ಮಾಡಿದರೆ ಅದನ್ನು ರಾಜ್ಯಪತ್ರದಲ್ಲೂ ಆ ಕಡೆಯ ಭಾಷೆಯ ಒಂದು ಪತ್ರಿಕೆಯಲ್ಲಾದರೂ ಪ್ರಕಟಿಸಬೇಕು, ಯಾರು ಬೇಕಾದರೂ 30 ದಿನದೊಳಗೆ ಆಕ್ಷೇಪಣೆ ಹಾಕಬಹುದು, ಹಾಕಿದವರ ಮಾತು ಕೇಳಬೇಕು ಅಂತ 99 ಮತ್ತು 100ನೇ ಕಲಮುಗಳಲ್ಲಿದೆ. ಆದರೆ ನಮ್ಮ ಪರಿಚಯದ ವಕೀಲರ ಪ್ರಕಾರ ಅದು ದೊಡ್ಡ ಯೋಜನೆಗಳ ಮಾತು. ಒಂದು ಬಸ್ಸು ಒಂದು ಬೀದಿ ಬಿಟ್ಟು ಇನ್ನೊಂದು ಬೀದಿಗೆ ಹೋಗುವುದಕ್ಕೆ ರಾಜ್ಯಪತ್ರ ಯಾಕೆ, ಮೈದಾ ಅಂಟು ಸಾಕು. ಹಾಗೆ ನೋಡಿದರೆ ಏಳು ದಿನ ಕೊಟ್ಟಿದ್ದೇ ದೊಡ್ಡತನ.

ಬಸ್ಸು ನಮ್ಮ ರಸ್ತೆ ಬಿಟ್ಟಿದ್ದು ಹೇಗೆ ಅಂತ ಹೇಳಬೇಕು. ಒಳಚರಂಡಿ ಪೈಪ್ ಹಾಕಲು ಅಗೆದರು. 'ಕಾಮಗಾರಿ ಪ್ರಗತಿಯಲ್ಲಿದೆ, ತಾತ್ಕಾಲಿಕವಾಗಿ ಮಾರ್ಗ ಬದಲಾವಣೆ' ಅಂತ ಬೋರ್ಡು ನಿಲ್ಲಿಸಿದರು. ಪೈಪು ಹಾಕಿದ್ದಾಯಿತು, ಮುಚ್ಚಿದ್ದಾಯಿತು, ಡಾಂಬರೂ ಬಿತ್ತು. ಬಸ್ಸಿಗೆ ವಾಪಸ್ ಬಾ ಅಂತ ಹೇಳುವುದು ಮಾತ್ರ ಯಾರ ಕೆಲಸ ಅಂತ ಗೊತ್ತಾಗಲಿಲ್ಲ. ರಸ್ತೆ ಒಬ್ಬರದು, ರಸ್ತೆ ಕೆಳಗಿನ ಪೈಪು ಇನ್ನೊಬ್ಬರದು, ಸಿಗ್ನಲ್ ಪೊಲೀಸರದು, ಬಸ್ಸು ಮತ್ತೊಬ್ಬರದು. ನಾಲ್ಕು ಜನ ಅಳಿಯಂದಿರಿರುವ ಮನೆಯಲ್ಲಿ ಮಾವನನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗಬೇಕು ಅನ್ನುವ ಹಾಗೆ.

'ತಾತ್ಕಾಲಿಕ' ಅನ್ನುವ ಪದಕ್ಕೆ ಬೆಂಗಳೂರಿನಲ್ಲಿ ಬೇರೆಯೇ ಅರ್ಥ ಇದೆ. ಮೆಟ್ರೊ ಸುರಂಗದ ಕೆಲಸಕ್ಕೆ ಎಂ.ಜಿ. ರಸ್ತೆ ಹತ್ತಿರ ಕಾಮರಾಜ ರಸ್ತೆಯ ಒಂದು ತುಂಡನ್ನು 2019ರಲ್ಲಿ ಮುಚ್ಚಿದರು. ಒಂದು ಬದಿ ತೆರೆಯುವ ಹೊತ್ತಿಗೆ 2024 ಬಂದಿತ್ತು. ಈಜಿಪುರದ ಮೇಲ್ಸೇತುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು, ಕೆಲಸ ಶುರುವಾಗಿದ್ದು 2017ರಲ್ಲಿ. ಆ ವರ್ಷ ಅಲ್ಲಿ ಹುಟ್ಟಿದ ಮಕ್ಕಳು ಆ ಕಂಬಗಳ ನೆರಳಲ್ಲೇ ಶಾಲೆಗೆ ಸೇರಿಕೊಂಡವು. ನಮ್ಮ ಬಸ್ಸಿನದು ಬರೀ ಮೂರು ವರ್ಷ. ಅಷ್ಟಕ್ಕೇ ಗೊಣಗುವುದು ನಮಗೂ ಶೋಭೆಯಲ್ಲ.

ಈ ಊರಿನಲ್ಲಿ ಕೇಳಿ ಮಾಡುವ ಪದ್ಧತಿ ಯಾವಾಗ ಇತ್ತು ಹೇಳಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಊರಿನ ದೊಡ್ಡ ಬಸ್ ನಿಲ್ದಾಣ ಬಂತು. ಮೀನುಗಳ ಅಹವಾಲು ಕೇಳಿದ ದಾಖಲೆ ಇಲ್ಲ. ಜನ ಮಾತ್ರ ಬೇರೆ ರೀತಿಯಲ್ಲಿ ಸೇಡು ತೀರಿಸಿಕೊಂಡರು. ಅದರ ಹೆಸರು ಕೆಂಪೇಗೌಡ ಬಸ್ ನಿಲ್ದಾಣ ಅಂತ ಎಷ್ಟು ದೊಡ್ಡದಾಗಿ ಬರೆದರೂ ಇವತ್ತಿಗೂ ಅದು ಮೆಜೆಸ್ಟಿಕ್ಕೇ. ಆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೂ ಈಗ ಇಲ್ಲ. ಬಿನ್ನಿಮಿಲ್ಲೂ ಹಾಗೇ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಕಂಡಕ್ಟರ್ ಇನ್ನೂ 'ಯಾರ್ರೀ ಬಿನ್ನಿಮಿಲ್' ಅಂತ ಕೂಗುತ್ತಾರೆ, ಇಳಿಯುವವರು ಇಳಿಯುತ್ತಾರೆ. ಇಷ್ಟೊಂದು ನೆನಪಿರುವ ಜನರಿಂದ ಒಂದು ಸ್ಟಾಪ್ ಮರೆಸುವುದು ಸುಲಭ ಅಲ್ಲ. ಅದಕ್ಕೇ ಇರಬೇಕು ಅಭಿಪ್ರಾಯ ಕೇಳಲು ಒಂದು ಸಭೆಯನ್ನೂ ಇಟ್ಟಿದ್ದು.

ಸಭೆ ಮಂಗಳವಾರ ಬೆಳಗ್ಗೆ 11ಕ್ಕೆ. ಕಚೇರಿಯ ಮೂರನೇ ಮಹಡಿ. ನಮ್ಮ ಬಡಾವಣೆಯಿಂದ ಅಲ್ಲಿಗೆ ಹೋಗಬೇಕಾದರೆ ರಿಂಗ್ ರೋಡಿನ ತನಕ ನಡೆದು, ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೋಗುವ ಮುಂಚೆ ಸೊಪ್ಪಿನ ಅಜ್ಜಿಗೆ ಹೇಳಿದೆ. ಆಕೆ ಮೊದಲನೇ ಬಸ್ಸಿನಲ್ಲಿ ಕೆ.ಆರ್. ಮಾರ್ಕೆಟ್ಟಿನಿಂದ ಸೊಪ್ಪಿನ ಹೊರೆ ತಂದು ಅದೇ ಸ್ಟಾಪಿನಲ್ಲಿ ಇಳಿದು ಅಲ್ಲೇ ಮಾರುತ್ತಿದ್ದವರು.

"ಬಾ ಅಜ್ಜಿ, ಬಸ್ಸಿನ ವಿಷಯ ಕೇಳ್ತಾರಂತೆ."

"ನಾನು ಅಲ್ಲಿಗೆ ಬಂದ್ರೆ ಈ ದಂಟಿನ ಸೊಪ್ಪು ಯಾರು ಮಾರ್ತಾರಪ್ಪಾ, ಅವರು ಮಾರ್ತಾರಾ? ನೀನೇ ಬರಕೊಂಡು ಹೋಗು, ಹೆಬ್ಬೆಟ್ಟು ಒತ್ತಿ ಕೊಡ್ತೀನಿ."

ಬರೆದುಕೊಂಡೆ. ಒತ್ತಿ ಕೊಟ್ಟರು. ಹಾಳೆ ತುಂಬಾ ಮೆಂತ್ಯದ ವಾಸನೆ.

ಕಚೇರಿ ಎದುರಿನ ಬಸ್ ಸ್ಟಾಪಿನಲ್ಲಿ ಬಿಳಿ ಬೊಲೆರೊಗಳು ಸಾಲಾಗಿ ನಿಂತಿದ್ದವು. ಹಾಗಾಗಿ ನಮ್ಮ ಡ್ರೈವರ್ ನಡುರಸ್ತೆಯಲ್ಲೇ ನಿಲ್ಲಿಸಿ ಇಳಿಸಿದರು. 2010ರಲ್ಲಿ ಈ ಊರಿನಲ್ಲಿ 'ಬಸ್ ದಿನ' ಅಂತ ಶುರು ಮಾಡಿದ್ದು ನೆನಪಾಯಿತು. ಪ್ರತಿ ತಿಂಗಳ 4ನೇ ತಾರೀಖು ಎಲ್ಲರೂ ಸ್ವಂತ ಗಾಡಿ ಬಿಟ್ಟು ಬಸ್ಸಿನಲ್ಲಿ ಬನ್ನಿ ಅಂತ. ಸಭೆ ನಡೆದ ದಿನ 4ನೇ ತಾರೀಖು ಅಲ್ಲ, ಆದ್ದರಿಂದ ಯಾರನ್ನೂ ದೂರುವಂತಿಲ್ಲ.

ಒಳಗೆ ಇಪ್ಪತ್ತು ಕುರ್ಚಿ, ಹದಿಮೂರು ಜನ. ಅದರಲ್ಲಿ ಇಬ್ಬರು ಟೀ ಕೊಡುವವರು. ಒಬ್ಬ ಹಿರಿಯರು ಪಿಂಚಣಿ ಅದಾಲತ್ ಅಂದುಕೊಂಡು ಬಂದಿದ್ದರು. ಎ.ಸಿ. ಚೆನ್ನಾಗಿದೆ ಅಂತ ಕೂತೇ ಇದ್ದರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸಕ್ಕೆ ಹೋಗುವವರು, ಕಾಲೇಜು ಹುಡುಗರು ಒಬ್ಬರೂ ಇಲ್ಲ. ಆ ಹೊತ್ತಿಗೆ ಅವರೆಲ್ಲ ಕೆಲಸದಲ್ಲಿದ್ದರು. ಡ್ರೈವರ್, ಕಂಡಕ್ಟರ್‌ಗಳನ್ನು ಕರೆದಿರಲೇ ಇಲ್ಲ. ಬಸ್ಸಿನ ಬಗ್ಗೆ ಗೊತ್ತಿರುವವರು ಸಭೆಗೆ ಬಂದರೆ ಚರ್ಚೆ ದಾರಿ ತಪ್ಪುತ್ತದೆ.

ಪರದೆ ಮೇಲೆ ನಕ್ಷೆ ಬಿತ್ತು. ಹಳೇ ದಾರಿಗೆ ಕೆಂಪು ಗೆರೆ, ಹೊಸದಕ್ಕೆ ಹಸಿರು. ಹಸಿರು ಗೆರೆ ನೆಟ್ಟಗಿತ್ತು, ಕೆಂಪು ಅಂಕುಡೊಂಕು. ಯಾರಿಗಾದರೂ ಹಸಿರೇ ಇಷ್ಟವಾಗಬೇಕು. ಹೊಸ ದಾರಿಯಿಂದ ಪ್ರತಿ ಟ್ರಿಪ್ಪಿಗೆ ಏಳು ನಿಮಿಷ ಉಳಿತಾಯ ಅಂದರು ಸಾಹೇಬರು. ಹೌದು, ಬಸ್ಸಿಗೆ ಉಳಿತಾಯ. ಹತ್ತುವವರು ಹನ್ನೆರಡು ನಿಮಿಷ ಜಾಸ್ತಿ ನಡೆಯಬೇಕು, ಆದರೆ ಅವರು ಬಸ್ಸಿನ ಹೊರಗಿರುವಾಗ ಆಗುವುದು ಬಸ್ಸಿನ ಲೆಕ್ಕಕ್ಕೆ ಬರಲ್ಲ. ಉಳಿಸಿದ ಏಳು ನಿಮಿಷವನ್ನು ಬಸ್ಸು ಮುಂದಿನ ಸಿಗ್ನಲ್ಲಿನಲ್ಲಿ ನೆಮ್ಮದಿಯಾಗಿ ಖರ್ಚು ಮಾಡುತ್ತದೆ.

ಆಮೇಲೆ ಬಂತು ಇ.ಪಿ.ಕೆ.ಎಂ. ಒಂದು ಕಿಲೋಮೀಟರ್ ಓಡಿದರೆ ಬಸ್ಸಿಗೆ ಎಷ್ಟು ದುಡ್ಡು ಬರುತ್ತದೆ ಅನ್ನುವ ಲೆಕ್ಕ. ಡಿಪೋಗಳಲ್ಲಿ ದೇವರ ಫೋಟೋ ಬಿಟ್ಟರೆ ಜಾಸ್ತಿ ಭಕ್ತಿ ಇರುವುದು ಇದಕ್ಕೇ. ಸಾಹೇಬರು ಒಂದು ಕೋಷ್ಟಕ ತೋರಿಸಿದರು.

"ನೋಡಿ, ಈ ಸ್ಟಾಪಿನಲ್ಲಿ ಕಳೆದ ಮೂರು ವರ್ಷದಲ್ಲಿ ಹತ್ತಿದವರು ಸೊನ್ನೆ. ಇಳಿದವರು ಸೊನ್ನೆ. ಆದಾಯ ಸೊನ್ನೆ."

ನಾನು ಎದ್ದೆ. "ಸಾರ್, ಮೂರು ವರ್ಷದಿಂದ ಅಲ್ಲಿಗೆ ಬಸ್ಸೇ ಬಂದಿಲ್ಲ."

"ಅದನ್ನೇ ಅಲ್ವಾ ನಾವೂ ಹೇಳ್ತಿರೋದು? ಜನ ಇಲ್ಲದ ಕಡೆ ಬಸ್ಸು ಹೇಗೆ ಕಳಿಸೋದು?"

"ಬಸ್ಸು ಇಲ್ಲದ ಕಡೆ ಜನ ಹೇಗೆ ನಿಲ್ತಾರೆ ಸಾರ್?"

"ನಿಜವಾಗ್ಲೂ ಬೇಕಿದ್ರೆ ನಿಲ್ತಿದ್ರು. ನಮ್ಮವರು ಎರಡು ಸಲ ಬಂದು ಸರ್ವೆ ಮಾಡಿದ್ದಾರೆ. ಒಂದು ನಾಯಿ ಬಿಟ್ರೆ ಯಾರೂ ಇರಲಿಲ್ಲ."

ನಾನು ಕೂತೆ. ತಪ್ಪು ನಮ್ಮದೇ ಅಂತ ಆಗ ಹೊಳೆಯಿತು. ಬಸ್ಸು ಬರಲ್ಲ ಅಂತ ಗೊತ್ತಿದ್ದರೂ ದಿನಾ ಬೆಳಗ್ಗೆ ಆರಕ್ಕೆ ಟಿಫಿನ್ ಡಬ್ಬಿ ಹಿಡಿದು ಅಲ್ಲಿ ಸಾಲಾಗಿ ನಿಲ್ಲಬೇಕಿತ್ತು. ಮಳೆಗಾಲದಲ್ಲಿ ಕೊಡೆ ಹಿಡಿದು ನಿಲ್ಲಬೇಕಿತ್ತು. ಮೂರು ವರ್ಷ ಹಾಗೆ ನಿಂತು, ಸಂಜೆ ವಾಪಸ್ ಮನೆಗೆ ಬಂದು, ಕೆಲಸ ಹೋದರೆ ಹೋಗಲಿ ಅಂತ ಬಿಟ್ಟಿದ್ದರೆ ಬೇಡಿಕೆ ಇದೆ ಅಂತ ಸಾಬೀತಾಗುತ್ತಿತ್ತು. ಹಗ್ಗ ಕೊಡ ಕಿತ್ತುಕೊಂಡು ಹೋಗಿ, ವರ್ಷ ಬಿಟ್ಟು ಬಂದು, ಈ ಬಾವಿಯಿಂದ ಯಾರೂ ನೀರು ಸೇದುತ್ತಿಲ್ಲ, ಮುಚ್ಚಿಬಿಡೋಣ ಅಂದ ಹಾಗಾಯಿತು ಇದು. ಬೆಂಗಳೂರಿನ ಸಿಟಿ ಬಸ್ಸಿಗೆ ಹಿಂದೆ ಬಿ.ಟಿ.ಎಸ್. ಅಂತ ಹೆಸರಿತ್ತು. ಹಳಬರು ಬಿ.ಟಿ.ಎಸ್. ಅಂದರೆ 'ಬಿಟ್ರೆ ತಿರ್ಗಾ ಸಿಗಲ್ಲ' ಅಂತ ತಮಾಷೆ ಮಾಡುತ್ತಿದ್ದರು. ಆಗ ಅದು ಬಸ್ಸಿನ ಬಗ್ಗೆ. ಈಗ ಸ್ಟಾಪಿಗೂ ಹೊಂದುತ್ತದೆ.

ದುಡ್ಡಿನ ಮಾತು ಬಂದಿದ್ದಕ್ಕೆ ಇನ್ನೊಂದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ನಮ್ಮ ಬಡಾವಣೆಯ ಹೆಂಗಸರಿಗೂ ಸೊನ್ನೆಯೇ. ಆದರೆ ಆ ಸೊನ್ನೆ ಟಿಕೆಟ್ ಇರುವ ಬಸ್ಸಿನ ತನಕ ತಲುಪಲು ಶೇರ್ ಆಟೋಗೆ ಇಪ್ಪತ್ತು ರೂಪಾಯಿ, ವಾಪಸ್ ಬರಲು ಇಪ್ಪತ್ತು. ನಾನು ಇದನ್ನೂ ಹೇಳಿದೆ. ಆಟೋ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು.

ನಮ್ಮ ಕಡೆಯವರೂ ಏನು ಕಮ್ಮಿ ಇಲ್ಲ, ಅದನ್ನೂ ಹೇಳಬೇಕು. ಸಭೆಗೆ ಕಾರಿನಲ್ಲಿ ಬಂದಿದ್ದ ನಮ್ಮ ರಸ್ತೆಯ ಹಿರಿಯರೊಬ್ಬರು ಎದ್ದು, "ಬಸ್ಸು ಬರಲೇಬೇಕು ಸಾರ್, ಕೆಲಸದವಳು ಅರ್ಧ ಗಂಟೆ ಲೇಟಾಗಿ ಬರ್ತಿದ್ದಾಳೆ" ಅಂದರು. ಸಾಹೇಬರು ಖುಷಿಯಾಗಿ, ಹಾಗಾದರೆ ಸ್ಟಾಪ್ ನಿಮ್ಮ ಮನೆ ಎದುರಿಗೇ ಹಾಕೋಣ್ವಾ ಅಂದರು. "ಅಯ್ಯೋ, ಗೇಟ್ ಮುಂದೆ ಬೇಡ. ಹಾರ್ನ್, ಧೂಳು, ಜನ ಎಲೆ ಅಡಿಕೆ ಉಗೀತಾರೆ. ನಾಲ್ಕು ಮನೆ ಆಚೆ ಇರಲಿ." ನಾಲ್ಕು ಮನೆ ಆಚೆ ಇರುವುದು ನನ್ನ ಮನೆ. ನಾನು ತಕ್ಷಣ ಎದ್ದು, ತಾಂತ್ರಿಕವಾಗಿ ಅಲ್ಲಿ ತಿರುವು ಇದೆ, ಅಪಾಯ ಅಂದೆ. ಈ ಮಾತನ್ನು ಮಾತ್ರ ಗುಮಾಸ್ತರು ಬರೆದುಕೊಂಡರು.

ಕೊನೆಗೆ ಅಭಿಪ್ರಾಯದ ಫಾರಂ ಹಂಚಿದರು. 'ಹೊಸ ಮಾರ್ಗವು ತಮಗೆ: ಬಹಳ ಅನುಕೂಲ, ಅನುಕೂಲ, ಸಾಧಾರಣ ಅನುಕೂಲ.' ಒಂದಕ್ಕೆ ಟಿಕ್ ಹಾಕಬೇಕು. ಅನಾನುಕೂಲ ಆದವರಿಗೆ ಕೆಳಗೆ 'ಇತರೆ' ಅಂತ ಒಂದು ಗೆರೆ ಇತ್ತು, ಬೆರಳಿನಷ್ಟು ಉದ್ದ. ಅಜ್ಜಿಯ ಹಾಳೆ ಕೊಟ್ಟೆ. ಗುಮಾಸ್ತರು ಮೂಸಿ ನೋಡಿ, ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಬೇಕು ಅಂದರು. ಪಿಂಚಣಿಯ ಹಿರಿಯರು ಒಂದು ಸಾಕ್ಷಿ ಹಾಕಿದರು, ಟೀ ಹುಡುಗ ಇನ್ನೊಂದು. ಮೊಹರು ಹಾಕಿ ಸ್ವೀಕೃತಿ ಕೊಡಿ ಅಂದೆ. ಮೊಹರು ಇರುವ ಬೀರುವಿನ ಕೀ ರಜೆಯ ಮೇಲಿತ್ತು.

ಹದಿನೈದು ದಿನ ಬಿಟ್ಟು ನಡವಳಿ ಕೈಗೆ ಸಿಕ್ಕಿತು. 'ಸಭೆಯಲ್ಲಿ ಸಾರ್ವಜನಿಕರು ಉತ್ಸಾಹದಿಂದ ಪಾಲ್ಗೊಂಡರು. ಹಳೇ ಮಾರ್ಗದ ತಿರುವು ಅಪಾಯಕಾರಿ ಎಂದು ಸ್ಥಳೀಯ ನಿವಾಸಿಗಳೇ ಗಮನಕ್ಕೆ ತಂದಿರುವುದರಿಂದ ಹೊಸ ಮಾರ್ಗವನ್ನು ಕಾಯಂಗೊಳಿಸಲಾಗಿದೆ.' ನಾನು ಆಡಿದ ಮಾತಿನಲ್ಲಿ ಜಾರಿಗೆ ಬಂದಿದ್ದು ಇದೊಂದೇ. ಹೆಂಡತಿಗೆ ತೋರಿಸಿಲ್ಲ. ಅವಳು ದಿನಾ ಶೇರ್ ಆಟೋದಲ್ಲಿ ಹೋಗುವವಳು.

ಹೋದ ವಾರ ಹಳೇ ಸ್ಟಾಪಿನ ಹತ್ತಿರ ಸದ್ದು. ಹೋಗಿ ನೋಡಿದರೆ ಹಳೇ ಗೋಡೆ ಒಡೆದು ಹೊಸ ತಂಗುದಾಣ ಕಟ್ಟಿದ್ದಾರೆ. ಉಕ್ಕಿನ ಬೆಂಚು, ಮೇಲೆ ಎರಡು ಲೈಟು, ಮೂರು ದೊಡ್ಡ ಫೋಟೋ. ಇದರ ಅನುದಾನ ಬೇರೆ ಕಡೆಯದಂತೆ, ಬಸ್ಸು ಬರಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲವಂತೆ. ಅಜ್ಜಿ ಆಗಲೇ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ನಾಯಿ ಕೆಳಗಿತ್ತು.

"ಬಸ್ಸು ಇನ್ನು ಬರಲ್ವಂತೆ ಅಜ್ಜಿ."

"ಬೇಡ ಬಿಡಪ್ಪಾ" ಅಂದರು ಸೊಪ್ಪಿಗೆ ನೀರು ಚಿಮುಕಿಸುತ್ತಾ. "ಬಸ್ಸು ಬಂದ್ರೆ ಇಲ್ಲಿ ಕೂರೋಕೆ ಬಿಡ್ತಾರಾ?"