ಹ್ಯಾಂಡಲ್ ತಿರುಗಿಸುವವರು ಬೇಕಾಗಿದ್ದಾರೆ

ಹವ್ಯಾಸ ಅನ್ನೋದು ದೊಡ್ಡ ಮನೆ ಇರುವವರ ಮಾತು. ಅವರ ಹವ್ಯಾಸಕ್ಕೆ ಒಂದು ಕೋಣೆ, ಆ ಕೋಣೆಗೊಂದು ಬಾಗಿಲು ಇರುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಒಬ್ಬರಿಗೆ ಹವ್ಯಾಸ ಹತ್ತಿತು ಅಂದರೆ ಮನೆಮಂದಿಗೆಲ್ಲ ಕೆಲಸ ಬಿತ್ತು ಅಂತಲೇ ಅರ್ಥ.

ನಮ್ಮಲ್ಲಿ ಇರೋದು ಒಂದೇ ಟೇಬಲ್. ಬೆಳಗ್ಗೆ ಅದರ ಮೇಲೆ ತಿಂಡಿ, ಸಂಜೆ ಮಗಳ ಹೋಮ್‌ವರ್ಕ್, ರಾತ್ರಿ ಊಟ. ಆಮೇಲೆ ಒರೆಸಿ, ಫ್ಯಾನ್ ಹಾಕಿ ಒಣಗಿಸಿದರೆ ನನ್ನ ಪಾಳಿ ಶುರು. ನಾನು ಕೈಯಿಂದ ಗ್ರೀಟಿಂಗ್ ಕಾರ್ಡ್ ಮಾಡುತ್ತೇನೆ. ಸ್ಟಾಂಪ್ ಒತ್ತಿ, ಡೈಯಿಂದ ಹೂವು, ಎಲೆ, ಚಿಟ್ಟೆ ಕತ್ತರಿಸಿ, ಅಂಟಿಸಿ. "ಕೈಯಿಂದ" ಅಂದೆನಲ್ಲ, ಯಾರ ಕೈ ಅಂತ ಕೇಳಬೇಡಿ. ಅದನ್ನೇ ಹೇಳಲಿಕ್ಕೆ ಹೊರಟಿದ್ದೇನೆ.

ಡೈ ಕಟಿಂಗ್ ಮಷೀನ್ ಮನೆಗೆ ಬಂದ ದಿನ ಅತ್ತೆ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎರಡು ರೋಲರ್, ಪಕ್ಕದಲ್ಲೊಂದು ಹ್ಯಾಂಡಲ್.

"ಕಬ್ಬಿನ ಹಾಲು ತೆಗಿಯೋ ಮಷೀನ್ ತರಸೀಯೇನು?"

"ಅಲ್ಲ ಅತ್ತೆ, ಕಾಗದ ಕತ್ತರಿಸೋದು."

"ಕಾಗದಾ ಕತ್ತರಸ್ಲಿಕ್ಕೆ ಇಷ್ಟು ದೊಡ್ಡ ಮಷೀನಾ? ಮನಿಯೊಳಗ ಕತ್ತರಿಗೆ ಏನಾಗ್ಯದ?"

ಧಾರವಾಡದವರು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಇರುವುದಿಲ್ಲ. ನಾನು ಮಾಡಿ ತೋರಿಸಿದೆ. ಡೈ ಅಂದರೆ ತೆಳ್ಳಗಿನ ಉಕ್ಕಿನ ಒಂದು ಆಕಾರ. ಒಂದು ಕಡೆ ಅದರ ಅಂಚು ಚೂಪಾಗಿ ಎದ್ದಿರುತ್ತದೆ. ಆ ಚೂಪು ಕಾಗದಕ್ಕೆ ತಾಗುವಂತೆ ಇಟ್ಟು, ಕೆಳಗೊಂದು ಮೇಲೊಂದು ಪ್ಲಾಸ್ಟಿಕ್ ಪ್ಲೇಟ್ ಹಾಕಿ, ಇಡೀ ಕಟ್ಟನ್ನು ರೋಲರ್ ನಡುವೆ ತೂರಿಸಿ ಹ್ಯಾಂಡಲ್ ತಿರುಗಿಸಬೇಕು. ಪ್ಲೇಟು ಒಳಗೆ ಹೋಗುವಾಗ "ಕಟಕ್, ಕಟಕ್" ಅಂತ ಮುರಿದುಹೋದ ಹಾಗೇ ಸದ್ದು ಬರುತ್ತದೆ. ಮುರಿದಿರುವುದಿಲ್ಲ. ಅದು ಹಾಗೇ. ಆದರೆ ಈ ಮಾತನ್ನು ರಾತ್ರಿ ಹನ್ನೊಂದಕ್ಕೆ ನೈಟಿ ಮೇಲೆ ದುಪಟ್ಟಾ ಹೊದ್ದು ಬಂದ ಕೆಳಮನೆಯ ಕಾಕುಗೆ ಮರಾಠಿಯಲ್ಲಿ ಹೇಳೋದು ಸುಲಭ ಅಲ್ಲ. ಅವರು ನಮ್ಮ ಮನೆಯಲ್ಲಿ ಯಾರೋ ಯಾರಿಗೋ ಏನೋ ಮುರಿಯುತ್ತಿದ್ದಾರೆ ಅಂದುಕೊಂಡಿದ್ದರು. ಒಳಗೆ ಕರೆದು ಒಂದು ಚಿಟ್ಟೆ ಕತ್ತರಿಸಿ ಕೈಯಲ್ಲಿಟ್ಟೆ. ಕೋಪ ಇಳಿಯಿತು. ಮರುದಿನ ಅವರ ಮೊಮ್ಮಗನೂ ಬಂದ, ಅವನಿಗೆ ಡೈನೊಸಾರ್ ಬೇಕಂತೆ.

ಹ್ಯಾಂಡಲ್ ತಿರುಗಿಸುವ ಕೆಲಸ ನಮ್ಮನೆಯವರದ್ದು. ದಪ್ಪ ಕಾಗದಕ್ಕೆ, ಜಾಲರಿ ಥರದ ಡೈಗೆ ಒತ್ತಡ ಸಾಲೋದಿಲ್ಲ. ಪ್ಲೇಟಿನ ಜೊತೆ ಒಂದೆರಡು ಹಾಳೆ ಸೇರಿಸಿ ಬಿಗಿ ಮಾಡಬೇಕು. ಆಗ ಹ್ಯಾಂಡಲ್ ಗಟ್ಟಿಯಾಗುತ್ತದೆ, ನನ್ನ ಕೈಯಲ್ಲಿ ಆಗೋದಿಲ್ಲ. "ಜಿಮ್‌ಗೆ ಕಟ್ಟೋ ದುಡ್ಡು ಉಳಿಯಿತು" ಅಂತ ಹೇಳಿ ನಾನೇ ಅವರನ್ನು ಈ ನೌಕರಿಗೆ ಸೇರಿಸಿದ್ದು. ಈಗ ರಜೆ ಕೇಳುತ್ತಾರೆ.

ಅವರಿಗೆ ನಿಜವಾಗಿ ಅನ್ಯಾಯ ಆಗಿದ್ದು ಚಿಟ್ಟೆಯಿಂದ. ಕಾರ್ಡಿನ ಮೇಲೆ ಚಿಟ್ಟೆ ಎದ್ದು ನಿಂತ ಹಾಗೆ ಕಾಣಬೇಕಾದರೆ ಹಿಂದೆ ಫೋಮ್ ಟೇಪ್ ಹಚ್ಚಬೇಕು. ಹಾಗೆ ಹಚ್ಚಿಟ್ಟ ಒಂದು ನೀಲಿ ಚಿಟ್ಟೆ ಹೇಗೋ ಕುರ್ಚಿಯ ಬೆನ್ನಿಗೆ ಹೋಗಿ, ಅಲ್ಲಿಂದ ಇವರ ಬಿಳಿ ಶರ್ಟಿನ ಬೆನ್ನಿಗೆ ಹತ್ತಿ, ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಸಿಎಸ್‌ಎಂಟಿ ತನಕ ಹೋಯಿತು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಗಾಡಿ ಹತ್ತಿದವನ ಮೈಮೇಲೆ ಶರ್ಟಿನ ಗುಂಡಿ ಉಳಿಯೋದೇ ಹೆಚ್ಚು. ಚಿಟ್ಟೆಯ ಒಂದು ಮೀಸೆ ಕೂಡ ಬಾಗಿರಲಿಲ್ಲವಂತೆ. ಆಫೀಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಪ್ಯೂನ್ ಬಂದು ಮೆಲ್ಲಗೆ ಹೇಳಿದನಂತೆ. ಅಲ್ಲಿಯವರೆಗೆ ಎಲ್ಲರೂ ಸುಮ್ನೆ ನೋಡಿ, ಸುಮ್ನೆ ನಕ್ಕು, ಸುಮ್ನೆ ಹೋಗಿದ್ದಾರೆ. ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಅದೇ ಟೇಪಿನಲ್ಲಿ ಕಾರ್ಡಿಗೆ ಅಂಟಿಸಿದ ಚಿಟ್ಟೆ, ಡ್ರಾಯರಿನಲ್ಲಿ ಮಲಗಿದ್ದಲ್ಲೇ ಕಳಚಿ ಬಿದ್ದಿರುತ್ತದೆ.

ಡೈಯ ಸಣ್ಣಸಣ್ಣ ತೂತುಗಳಿಂದ ಉದುರುವ ಕಾಗದದ ಚೂರುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಉಪ್ಪಿಟ್ಟಿನಲ್ಲಿ ಸಿಕ್ಕ ಹಸಿರು ಚೂರನ್ನು ಇವರು ಕೊತ್ತಂಬರಿ ಅಂತ ತಿಂದಿದ್ದಾರೆ. ಮನೆಯಲ್ಲಿ ಈ ವಿಷಯ ಗೊತ್ತಿರೋದು ನನಗೆ ಮಾತ್ರ.

ಇನ್ನು ಸ್ಟಾಂಪು. ಕಾರ್ಡ್ ಮಾಡುವವರು ಹೆಚ್ಚಾಗಿ ಬಳಸೋದು ಪಾರದರ್ಶಕವಾದ ಪಾಲಿಮರ್ ಸ್ಟಾಂಪ್. ಹಿಡಿದು ಒತ್ತಲಿಕ್ಕೆ ಇರುವ ಪಾರದರ್ಶಕ ಅಕ್ರಿಲಿಕ್ ಬ್ಲಾಕಿಗೆ ಮೆತ್ತಿದರೆ ತಾನೇ ಅಂಟಿಕೊಳ್ಳುತ್ತದೆ, ಕೆಳಗಿನ ಕಾಗದ ಆರಪಾರ ಕಾಣುತ್ತದೆ, ಎಲ್ಲಿ ಒತ್ತುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಇದೇ ಗುಣದಿಂದಾಗಿ ಅದು ಕಳೆದುಹೋದರೂ ಕಾಣೋದಿಲ್ಲ. ನಮ್ಮ ಅತ್ತೆ ಒಮ್ಮೆ ಅದನ್ನು ಫ್ರಿಜ್ಜಿನ ಬಾಗಿಲ ರಬ್ಬರಿನ ತುಂಡು ಅಂದುಕೊಂಡು ಜೋಪಾನವಾಗಿ ಎತ್ತಿಟ್ಟು, ರಿಪೇರಿಯವನು ಬಂದಾಗ ಅವನ ಕೈಗೇ ಕೊಟ್ಟಿದ್ದರು. ಅವನೂ ಪಾಪ, ಎಲ್ಲೆಲ್ಲಿ ಕೂರುತ್ತದೆ ಅಂತ ಇಟ್ಟಿಟ್ಟು ನೋಡಿದ.

ಮುಂಬೈ ಮಳೆಗಾಲದಲ್ಲಿ ಈ ಹವ್ಯಾಸವನ್ನು ಯಾರಿಗೂ ಶಿಫಾರಸು ಮಾಡಲಾರೆ. ಜೂನ್ ಬಂತೆಂದರೆ ಕಾಗದ ಸೆಟೆದುಕೊಳ್ಳುತ್ತದೆ. ಅಂಟು ಒಣಗೋದಿಲ್ಲ. ಡೈ ಇಂಕ್ (ಇದು ಕತ್ತರಿಸುವ ಡೈ ಅಲ್ಲ, ಬಣ್ಣದ ಡೈ) ಆದರೆ ಕಾಗದ ಹೀರಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಪಿಗ್ಮೆಂಟ್ ಇಂಕ್ ಕಾಗದದ ಮೇಲೇ ಕೂತಿರುತ್ತದೆ. ನುಣುಪು ಹಾಳೆಯ ಮೇಲಂತೂ ಬೆರಳು ತಾಗುವುದನ್ನೇ ಕಾಯುತ್ತದೆ. ಅಂಟಿಸಿದ ಕಾರ್ಡು ಸೆಟೆಯದಿರಲಿ ಅಂತ ಅಕ್ಕಿ ಡಬ್ಬಿಯ ಕೆಳಗೆ ಇಡುತ್ತೇನೆ. ತಿಂಗಳ ಕೊನೆಗೆ ಅಕ್ಕಿಯೂ ಹಗುರ, ಕಾರ್ಡೂ ಡೊಂಕು.

ಒದ್ದೆ ಪಿಗ್ಮೆಂಟ್ ಇಂಕಿಗೆ ಇರುವ ಒಂದೇ ಮರ್ಯಾದೆಯ ಉಪಯೋಗ ಎಂಬಾಸಿಂಗ್. ಇಂಕ್ ಒದ್ದೆ ಇರುವಾಗಲೇ ಮೇಲೆ ಎಂಬಾಸಿಂಗ್ ಪೌಡರ್ ಸುರಿದು, ಉಳಿದದ್ದನ್ನು ಕೊಡವಿ, ಹೀಟ್ ಗನ್ ಹಿಡಿದರೆ ಪೌಡರ್ ಕರಗಿ ಅಕ್ಷರ ಉಬ್ಬಿ ಹೊಳೆಯುತ್ತದೆ. ಹೇರ್ ಡ್ರೈಯರ್ ಇದಕ್ಕೆ ನಡೆಯೋದಿಲ್ಲ. ಶಾಖ ಕಮ್ಮಿ, ಗಾಳಿ ಜಾಸ್ತಿ. ಕರಗುವ ಮೊದಲೇ ಪೌಡರ್ ಹಾರಿ, ಬಂಗಾರದ ಬಣ್ಣದ ಮೊಸರನ್ನ ತಯಾರಾಗುತ್ತದೆ. ಹಾಗಾಗಿ ಹೀಟ್ ಗನ್ ತರಿಸಬೇಕು, ಇಷ್ಟು ದುಡ್ಡಾಗುತ್ತದೆ ಅಂತ ನಾನು ಇವರಿಗೆ ಪೀಠಿಕೆ ಹಾಕುತ್ತಿದ್ದೆ. ಅತ್ತೆ ಚಪಾತಿ ಮಾಡುತ್ತಿದ್ದವರು ಕಾರ್ಡನ್ನು ನನ್ನ ಕೈಯಿಂದ ತಗೊಂಡು ಕಾದ ತವೆಯ ಮೇಲೆ, ಸ್ವಲ್ಪ ಎತ್ತರದಲ್ಲಿ, ಇಕ್ಕಳದಲ್ಲಿ ಹಿಡಿದರು. ಮಸುಕಾಗಿದ್ದ ಪೌಡರ್ ಒಂದು ಅಂಚಿನಿಂದ ಫಳಫಳ ಹೊಳೆಯುತ್ತ ಬಂತು. ಎರಡನೇ ಬದಿಗೂ ಬಿಸಿ ಆಗಲಿ ಅಂತ ತಿರುವಿ ಹಾಕಲು ಹೋದಾಗ ಮಾತ್ರ ನಾನು ಕೂಗಿದೆ.

"ಇಷ್ಟಕ್ಕ ಗನ್ ಬೇಕಾ?" ಅಂದರು. ಗನ್ ಬರಲಿಲ್ಲ. ಆವತ್ತಿನ ಚಪಾತಿಗೆ ಮಾತ್ರ ಹೊಸ ಬಕೆಟ್ಟಿನ ವಾಸನೆ ಇತ್ತು.

ಆಮೇಲೆ ಅವರು ಹೂವಿನ ಡೈಯನ್ನು ಶಂಕರಪಾಳಿ ಹಿಟ್ಟಿನ ಮೇಲೆ ಒತ್ತಿ ನೋಡಿದ್ದೂ ಉಂಟು. ಅತ್ತೆಗೂ ಮಷೀನಿಗೂ ಅಷ್ಟು ಸಲಿಗೆ ಬೆಳೆದಿದೆ. ಟೂತ್‌ಪಿಕ್ ಹಿಡಿದು ಹಿಟ್ಟು ಕೆರೆದವಳು ನಾನು.

ಇಷ್ಟೆಲ್ಲ ಕಷ್ಟಪಡುವಾಗ ಒಂದು ವಿಷಯ ನೆನಪಾಗಿ ನಗು ಬರುತ್ತದೆ. ಮಾರಾಟಕ್ಕೆ ಅಂತ ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡ್ 1843ರದ್ದು. ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು. ಅವರಿಗೆ ಬಂದ ಪತ್ರಗಳಿಗೆಲ್ಲ ಕೂತು ಉತ್ತರ ಬರೆಯಲು ಪುರುಸೊತ್ತು ಇರಲಿಲ್ಲ. ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಅವರಿಂದ ಒಂದು ಚಿತ್ರ ಬರೆಸಿ, ಸುಮಾರು 1000 ಪ್ರತಿ ಅಚ್ಚು ಹಾಕಿಸಿ, ಉಳಿದದ್ದನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟರು. ಅಂದರೆ ಆ ಕಾರ್ಡ್ ಹುಟ್ಟಿದ್ದೇ ಟೈಮ್ ಉಳಿಸಲಿಕ್ಕೆ. ಇಲ್ಲಿ ನಾಲ್ಕು ಜನ ಒಂದು ಗುಲಾಬಿಯ ಹಿಂದೆ ಬಿದ್ದಿದ್ದೇವೆ!

ಈಗ ಷಷ್ಟ್ಯಬ್ದಿ ವಿಷಯಕ್ಕೆ ಬರುತ್ತೇನೆ. ಧಾರವಾಡದ ನಮ್ಮ ಕಾಕಾಗೆ, ಅಂದರೆ ಅತ್ತೆಯ ಮೈದುನನಿಗೆ, ಅರವತ್ತು ತುಂಬಿತು. ಬ್ಯಾಂಕಿನಿಂದ ರಿಟೈರ್ ಕೂಡ ಆದರು. ಕಾರ್ಡ್ ಕಳಿಸಬೇಕು. ನನ್ನ ಹತ್ತಿರ ಇರೋ ಸ್ಟಾಂಪೆಲ್ಲ ಹ್ಯಾಪಿ ಬರ್ತ್‌ಡೇ, ಥ್ಯಾಂಕ್ಯೂ, ಗೆಟ್ ವೆಲ್ ಸೂನ್. ಅರವತ್ತರ ಶಾಂತಿ ಮಾಡಿಸಿಕೊಳ್ಳುತ್ತಿರುವವರಿಗೆ ಗೆಟ್ ವೆಲ್ ಸೂನ್ ಅನ್ನಲಾದೀತೆ? ಕ್ರಾಫರ್ಡ್ ಮಾರ್ಕೆಟ್ ಎದುರಿನ ಅಬ್ದುಲ್ ರೆಹಮಾನ್ ಸ್ಟ್ರೀಟ್ ಪೂರ್ತಿ ತಿರುಗಿದೆ. ರಿಬ್ಬನ್ನು, ಮಿಂಚು, ಮುತ್ತು, ಬೇಕಾದ ಬಣ್ಣದ ಕಾಗದ, ಎಲ್ಲ ಸಿಕ್ಕಿತು. ಕನ್ನಡದ ಸ್ಟಾಂಪ್ ಸಿಗಲಿಲ್ಲ. ಕೊನೆಗೆ ಆರ್ಡರ್ ಮೇಲೆ ಪಾಲಿಮರ್ ಸ್ಟಾಂಪ್ ಮಾಡುವ ಒಂದು ಅಂಗಡಿಗೆ ಹೋಗಿ "ಷಷ್ಟ್ಯಬ್ದಿಯ ಶುಭಾಶಯಗಳು" ಅಂತ ವಾಟ್ಸಾಪ್ ಮಾಡಿದೆ.

ಅವರ ಕಂಪ್ಯೂಟರಿಗೆ ಒತ್ತಕ್ಷರದ ಅಭ್ಯಾಸ ಇರಲಿಲ್ಲ. ಪರದೆಯ ಮೇಲೆ "ಷಷ್‌ಟ್‌ಯಬ್‌ದಿ" ಅಂತ ಬಂತು. ಕಾಕಾ ಸೀನುತ್ತಿರುವ ಹಾಗಿತ್ತು. ಅಂಗಡಿಯವರು ಮಾತ್ರ ಪೂರಾ ಖುಷಿಯಲ್ಲಿ ಪ್ರಿಂಟ್ ಕೊಡಲು ಹೊರಟಿದ್ದರು. ಹಾಗಲ್ಲ, ಈ ಅಕ್ಷರ ಅದರ ಕೆಳಗೆ ಬರಬೇಕು, ಅದರ ಪಕ್ಕ ಇನ್ನೊಂದು, ಅಂತ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಇಷ್ಟು ಬಾಲ ಯಾಕೆ ಮೇಡಂ? ಎರಡು ತೆಗೆದುಬಿಡೋಣ. ಓದುವವರಿಗೆ ಅರ್ಥ ಆಗುತ್ತೆ."

ಬಾಲ ತೆಗೆಯುವ ಮಾತು ಅವರು ಸುಮ್ನೆ ಆಡಿದ್ದಲ್ಲ. ಈ ಸ್ಟಾಂಪ್ ಮಾಡೋದು ದ್ರವ ಪಾಲಿಮರ್‌ನಿಂದ. ನೆಗೆಟಿವ್ ಮೂಲಕ ಯುವಿ ಬೆಳಕು ಬಿದ್ದ ಕಡೆ ಅದು ಗಟ್ಟಿಯಾಗುತ್ತದೆ, ಬೀಳದ ಕಡೆ ಹಾಗೇ ಉಳಿಯುತ್ತದೆ, ಅದನ್ನು ತೊಳೆದು ತೆಗೆಯುತ್ತಾರೆ. ಅಕ್ಷರ ತುಂಬ ಸಪೂರ ಇದ್ದರೆ ಒತ್ತುಗಳೂ ಆ ನೀರಿನ ಜೊತೆಗೇ ಹೋಗುವ ಭಯ. ಕೊನೆಗೆ ಮನೆಗೆ ಬಂದು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಅದರ ಚಿತ್ರ ತೆಗೆದು ಕಳಿಸಿದೆ. ಚಿತ್ರ ಕಳಿಸಿದರೆ ಯಾವ ಕಂಪ್ಯೂಟರೂ ಒತ್ತು ಬಿಡಿಸಲಾರದು. ಸ್ಟಾಂಪ್ ಬಂದಾಗ ಅತ್ತೆ ಅದನ್ನು ಕನ್ನಡಿ ಎದುರು ಹಿಡಿದು, ಬಾಲ ಒಂದೊಂದೂ ಎಣಿಸಿ ಪಾಸ್ ಮಾಡಿದರು.

ಕಾರ್ಡ್ ಚೆನ್ನಾಗಿಯೇ ಆಯಿತು. ಭಾರವೂ ಆಯಿತು. ನನ್ನ ಕಾಗದ 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ. ಆ ಲೆಕ್ಕದಲ್ಲಿ ಒಂದು ಎ4 ಹಾಳೆಯೇ ಹತ್ತಿರ ಹತ್ತಿರ 19 ಗ್ರಾಂ. ಅದರ ಮೇಲೆ ಎರಡು ಪದರ, ಗುಲಾಬಿ, ಎಲೆ, ಮುತ್ತು. ಸಾದಾ ಪತ್ರದ 20 ಗ್ರಾಂ ದಾಟಿ ಎಲ್ಲೋ ಹೋಗಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು ಕವರನ್ನು ಮೇಲೆ ಕೆಳಗೆ ಒತ್ತಿ, "ಒಳಗೆ ಏನಿದೆ?" ಅಂದರು. "ಹೂವು" ಅಂದೆ. "ಬಾಡುತ್ತೆ" ಅಂದರು. ಕಾಗದದ ಹೂವು ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರು ತಮ್ಮ ಮೊಹರನ್ನು ಎತ್ತಿ ಧಡ್ ಅಂತ ಹೊಡೆದರು, ಸರಿಯಾಗಿ ಗುಲಾಬಿಯ ತಲೆ ಮೇಲೆ. ಬ್ಲಾಕ್ ಅಲುಗಬಾರದು, ಇಂಕ್ ಹೆಚ್ಚಾಗಬಾರದು, ಉಸಿರು ಬಿಗಿ ಹಿಡಿಯಬೇಕು ಅಂತ ನಾವು ಕಲಿತದ್ದೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ. ಆ ಕೈಗೆ ನನ್ನ ಟೇಬಲ್ಲಿನಲ್ಲಿ ಯಾವತ್ತೂ ಜಾಗ ಇದೆ.

ಕಾಕಾರ ಫೋನ್ ಬಂತು.

"ಕಾರ್ಡ್ ಮುಟ್ಟಿತು. ಭಾಳ ಛಲೋ ಆಗ್ಯದ. ಹೂವು ಒಂದು ಸ್ವಲ್ಪ ಕೂತದ, ಇರ್ಲಿ. ಆ ಷಷ್ಟ್ಯಬ್ದಿ ಅಂತ ಬರದದ್ದು ಸ್ಟಾಂಪ್ ಅಲ್ಲೇನು?"

"ಹೌದು ಕಾಕಾ."

"ಹಂಗಾದ್ರ ತಗದಿಡು, ಒಗೀಬ್ಯಾಡ. ನಮ್ಮ ಬ್ಯಾಂಕಿನ ಬ್ಯಾಚಿನವರಿಗೆಲ್ಲ ಈ ವರ್ಷನ ಅರವತ್ತು. ಅಡ್ರೆಸ್ ಕಳಸ್ತೇನಿ."

ಕಳಿಸಿದರು. ಎಕ್ಸೆಲ್ ಶೀಟ್. ನಮ್ಮನೆಯವರು ಅದನ್ನು ಕೆಳಗಿನ ತನಕ ಸ್ಕ್ರೋಲ್ ಮಾಡಿ, ಏನೂ ಮಾತಾಡದೆ ಎದ್ದುಹೋಗಿ ಭುಜಕ್ಕೆ ಮೂವ್ ಹಚ್ಚಿಕೊಂಡರು. ಅತ್ತೆ ಮಾತ್ರ ಹುರುಪಿನಲ್ಲಿದ್ದರು. ಮಾಡೋದು ಮಾಡ್ತೀವಿ, ಜೊತಿಗೆ "ಸಹಸ್ರಚಂದ್ರದರ್ಶನ"ದ್ದೂ ಒಂದು ಮಾಡಿಸಿಬಿಡು, ನಮ್ಮ ಕಡೆ ವಯಸ್ಸಾದವರಿಗೇನು ಬರಾನಾ ಅಂದರು. ಅಂಗಡಿಗೆ ಫೋನ್ ಹಚ್ಚಿದೆ. ನನ್ನ ದನಿ ಅವರಿಗೆ ಗುರುತು ಹತ್ತಿತು. ನಮಸ್ಕಾರ ಇಲ್ಲ, ಏನಿಲ್ಲ.

"ಮೇಡಂ, ಈ ಸಲ ಎಷ್ಟು ಬಾಲ?"