ಪಂಚ್ ಮಾಡಿ ವಾಪಸ್ ಬನ್ನಿ

"ಎಲ್ರೂ ಪಂಚ್ ಮಾಡ್ಕೊಂಡ್ ಬಂದು ಕೌಂಟರ್ ಕ್ಲಿಯರ್ ಮಾಡ್ರಮ್ಮಾ."

ನಿನ್ನೆ ರಾತ್ರಿ ನಮ್ಮ ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಈ ಮಾತು ಕಿವಿಗೆ ಬಿದ್ದಾಗಿನಿಂದ ತಲೆ ಕೆಟ್ಟುಹೋಗಿದೆ. ಅಕ್ಕನ ಮಗಳ ಮದುವೆ ಜವಳಿಗೆ ಹೋಗಿದ್ದೆವು. ಬಿಲ್ ಆಗುವ ಹೊತ್ತಿಗೆ ಒಂಬತ್ತು ದಾಟಿ, ಶಟರ್ ಅರ್ಧ ಇಳಿದಿತ್ತು. ನಮಗೆ ಸೀರೆ ತೋರಿಸಿದ ಹುಡುಗಿಯರೆಲ್ಲ ಸಾಲಾಗಿ ಹೋಗಿ ಗೋಡೆಯ ಮೇಲಿನ ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮನೆಗೆ ಹೊರಟರು ಅಂದುಕೊಂಡೆ. ಹೊರಡಲಿಲ್ಲ. ತಿರುಗಿ ಬಂದು, ನಾವು ಬಿಚ್ಚಿಸಿ ಗುಡ್ಡೆ ಹಾಕಿಸಿದ್ದ ಸೀರೆಗಳನ್ನು ಒಂದೊಂದಾಗಿ ಎತ್ತಿಕೊಂಡರು. ಅಂಚಿಗೆ ಅಂಚು ಕೂಡಿಸಿ, ಸೆರಗು ಮೇಲೆ ಕಾಣುವ ಹಾಗೆ ಮಡಚಿ, ಒಳಗೆ ರಟ್ಟು ಇಟ್ಟು, ಬೆಲೆ ಚೀಟಿ ಹೊರಗೆ ಬರುವಂತೆ ಸರಿಮಾಡಿ ಕವರಿಗೆ ತುಂಬಬೇಕು. ಎಲ್ಲವನ್ನೂ ನಿಂತೇ ಮಾಡುತ್ತಿದ್ದರು.

ಒಬ್ಬಳನ್ನು ಮೆಲ್ಲಗೆ ಕೇಳಿದೆ, ಮನೆಗೆ ಹೋಗೋದು ಎಷ್ಟೊತ್ತಿಗಮ್ಮ ಅಂತ. "ಹತ್ತೂಕಾಲು ಆಗುತ್ತೆ ಆಂಟಿ. ಬ್ಯಾಗ್ ಚೆಕಿಂಗ್ ಮುಗಿಸಿ ಬಿಡ್ತಾರೆ. ಸೀಸನ್ನಲ್ಲಿ ಇನ್ನೂ ಲೇಟು." ಒ.ಟಿ. (ಹೆಚ್ಚುವರಿ ಗಂಟೆಗಳ ಕೂಲಿ) ಕೊಡ್ತಾರಾ ಅಂದೆ. "ಅದಕ್ಕೆಲ್ಲ ಒ.ಟಿ. ಇಲ್ಲ ಆಂಟಿ, ಅದು ಕ್ಲೋಸಿಂಗ್ ಕೆಲ್ಸ."

ಬೆಳಿಗ್ಗೆ ಅಂಗಡಿ ತೆರೆಯುವುದು ಹತ್ತಕ್ಕೆ. ಇವರು ಒಂಬತ್ತೂವರೆಗೆ ಬಂದು ಗುಡಿಸಿ, ಒರೆಸಿ, ಪೂಜೆಗೆ ನಿಲ್ಲಬೇಕು. ಹತ್ತು ನಿಮಿಷ ತಡವಾದರೆ ಅದೇ ಯಂತ್ರ ಹಿಡಿದುಕೊಡುತ್ತದೆ. ಮೂರು ಲೇಟಿಗೆ ಅರ್ಧ ದಿನದ ಸಂಬಳ ಕಟ್. ಬೆಳಗಿನ ಹತ್ತು ನಿಮಿಷಕ್ಕೆ ಬೆಲೆ ಇದೆ, ರಾತ್ರಿಯ ಒಂದೂಕಾಲು ಗಂಟೆಗೆ ಇಲ್ಲ. ನನ್ನ ಸಿಟ್ಟೆಲ್ಲ ಇಷ್ಟಕ್ಕೇ.

ನಾನು ವ್ಯಾಪಾರಸ್ಥರ ಲೆಕ್ಕ ಬರೆದು ಬದುಕುವವಳು ಅಂತ ಇಲ್ಲಿರುವವರಿಗೆ ಗೊತ್ತು. ಹಾಜರಿ ಪಟ್ಟಿ ನೋಡಿ ಸಂಬಳ ಹಾಕುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಕಾನೂನು ಗೊತ್ತಿಲ್ಲದೆ ಹೀಗಾಗುತ್ತಿದೆ ಅಂತ ಯಾರಾದರೂ ಹೇಳಿದರೆ ಒಪ್ಪಲಾರೆ. ಗೊತ್ತಿರುವುದರಿಂದಲೇ ಮೊದಲು ಪಂಚ್ ಮಾಡಿಸಿ ಆಮೇಲೆ ಕೆಲಸ ಮಾಡಿಸುವುದು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದಿದ್ದು 1961ರಲ್ಲಿ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. ಸ್ಟಾಕ್ ಎಣಿಸುವ, ಲೆಕ್ಕ ಮಾಡುವ ದಿನಗಳನ್ನು ಬಿಟ್ಟರೆ ಒ.ಟಿ. ಸೇರಿ ದಿನಕ್ಕೆ 10 ಗಂಟೆ ಮೀರುವಂತಿಲ್ಲ. ಊಟ, ವಿರಾಮ ಎಲ್ಲ ಸೇರಿಸಿದರೂ ಬಂದ ಹೊತ್ತಿನಿಂದ ಹೋಗುವ ಹೊತ್ತಿಗೆ 12 ಗಂಟೆ ದಾಟಬಾರದು. ಒಂಬತ್ತೂವರೆಯಿಂದ ರಾತ್ರಿ ಹತ್ತೂಕಾಲಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ದಿನವಿಡೀ ತೆರೆದಿರಬಹುದು ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತಲ್ಲ, ಹೆಣ್ಣುಮಕ್ಕಳನ್ನು ರಾತ್ರಿ ಎಂಟರ ನಂತರ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು ಅಂತ ಅದರಲ್ಲೇ ಇದೆ. ಆ ಹುಡುಗಿ ಹರಿಹರದ ಬಸ್ಸು ಹಿಡಿಯಲು ಒಬ್ಬಳೇ ಓಡುತ್ತಾಳೆ.

ದುಡ್ಡಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ತಿಂಗಳಿಗೆ 12,000 ಸಂಬಳ ಅಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ ಹಿಡಿದರೆ ಗಂಟೆಗೆ ಸುಮಾರು 58 ರೂಪಾಯಿ. ದುಪ್ಪಟ್ಟು ಅಂದರೆ 115. ಶಟರ್ ಇಳಿದ ಮೇಲಿನ ಒಂದೇ ಗಂಟೆ ಲೆಕ್ಕಕ್ಕೆ ತೆಗೆದುಕೊಂಡರೂ ತಿಂಗಳಿಗೆ 3,000. ಸಂಬಳದ ಕಾಲು ಭಾಗ! ಇಂಥ ಇಪ್ಪತ್ತು ಜನ ಇದ್ದರೆ ವರ್ಷಕ್ಕೆ 7 ಲಕ್ಷದ 20 ಸಾವಿರ. ಗಲ್ಲಾಪೆಟ್ಟಿಗೆಯಿಂದ ಯಾರಾದರೂ ಮುನ್ನೂರು ರೂಪಾಯಿ ತೆಗೆದರೆ ಪೊಲೀಸರನ್ನು ಕರೆಯುತ್ತಾರೆ. ಈ ಏಳು ಲಕ್ಷಕ್ಕೆ ಯಾರನ್ನು ಕರೆಯಬೇಕು?

ಬಹುಶಃ ನಮ್ಮಪ್ಪನ ಕಾರಣಕ್ಕೆ ನನಗೆ ಇದು ಇಷ್ಟು ನಾಟುತ್ತದೆ. ಅಪ್ಪ ಇದೇ ಊರಿನ ಹತ್ತಿಗಿರಣಿಯಲ್ಲಿದ್ದರು. ಸೈರನ್ ಕೂಗಿದ ಮೇಲೆ ಮಗ್ಗದ ಮುಂದೆ ನಿಂತರೆ ಅದು ಒ.ಟಿ., ಅದರಲ್ಲಿ ಎರಡು ಮಾತಿಲ್ಲ. ಆ ದುಡ್ಡಿನಲ್ಲೇ ನನ್ನ ಪಿಯುಸಿ ಫೀಸು ಕಟ್ಟಿದ್ದು. ಅದನ್ನು ಯಾರೂ ಕರುಣೆಯಿಂದ ಕೊಟ್ಟಿರಲಿಲ್ಲ. ಪಂಪಾಪತಿಯವರಂಥ ಕಾರ್ಮಿಕ ನಾಯಕರನ್ನು ವಿಧಾನಸಭೆಗೆ ಗೆಲ್ಲಿಸಿ ಕಳಿಸಿದ ಊರು ಇದು, ಯೂನಿಯನ್ ಗೇಟಿನಲ್ಲೇ ಇರುತ್ತಿತ್ತು. ಮಿಲ್ಲುಗಳು ಮುಚ್ಚಿದವು. ಆ ಮನೆಗಳ ಮೊಮ್ಮಕ್ಕಳು ಈಗ ಅಂಗಡಿಗಳಲ್ಲಿ ಬಟ್ಟೆ ಮಡಚುತ್ತಿದ್ದಾರೆ, ಅವರ ಪರವಾಗಿ ಕೇಳುವವರು ಯಾರೂ ಇಲ್ಲ.

ಅಂಗಡಿಯವರ ಕಡೆಯ ಮಾತೂ ನನಗೆ ಗೊತ್ತು, ದಿನಾ ಕೇಳುತ್ತೇನೆ. ಆನ್‌ಲೈನ್‌ನಿಂದ ವ್ಯಾಪಾರ ಡಲ್ಲು, ಬಾಡಿಗೆ ಜಾಸ್ತಿ, ಗಿರಾಕಿ ಬರುವುದೇ ಸಂಜೆ ಮೇಲೆ. ಇವೆಲ್ಲ ನಿಜ. ಆದರೆ ಕರೆಂಟ್ ಬಿಲ್ಲಿಗೆ ಡಲ್ಲು ಅಂತ ಹೇಳಿ ನೋಡಿ, ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ನಷ್ಟ ಅಂತ ಬಂದಾಗ ಎಲ್ಲರಿಗಿಂತ ಕಡಿಮೆ ಸಂಬಳದವಳ ಗಂಟೆಯೇ ಯಾಕೆ ಕಣ್ಣಿಗೆ ಬೀಳಬೇಕು? ಇನ್ನೊಂದು ಮಾತು, "ನಾವು ಮನೆಯವರ ಹಾಗೆ ನೋಡ್ಕೋತೀವಿ, ದೀಪಾವಳಿಗೆ ಬೋನಸ್ ಕೊಡ್ತೀವಿ." ಇಪ್ಪತ್ತು ಜನ ಇರುವ ಕಡೆ ಬೋನಸ್ ಕೊಡಬೇಕು ಅನ್ನುವುದು 1965ರಿಂದಲೂ ಕಾನೂನು, ಈಗ ಅದು ಕನಿಷ್ಠ 8.33%. ಕೊಡಲೇಬೇಕಾದ್ದನ್ನು ಕೊಟ್ಟು ಉಪಕಾರ ಅನ್ನಬೇಡಿ.

ಕೋವಿಡ್ ಸಮಯದಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆಗಳಲ್ಲಿ 12 ಗಂಟೆ ದುಡಿಸಬಹುದು, ಒ.ಟಿ.ಗೆ ಮಾಮೂಲಿ ಕೂಲಿ ಸಾಕು ಅಂದಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿ, ಕಾನೂನಿನ ಪ್ರಕಾರ ಒ.ಟಿ. ಕೊಡಿ ಅಂತ ಹೇಳಿತು. ಮಹಾಮಾರಿಯ ಹೆಸರಲ್ಲೂ ಒಪ್ಪದ ಮಾತನ್ನು ಮದುವೆ ಸೀಸನ್ ಹೆಸರಲ್ಲಿ ಹೇಗೆ ಒಪ್ಪುವುದು? ಬ್ಯಾಗ್ ಚೆಕಿಂಗ್ ವಿಚಾರವೂ ಸಣ್ಣದಲ್ಲ. ಆಪಲ್ ಅಂಗಡಿಗಳ ನೌಕರರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. ಕಾಯಿಸಿ ಚೀಲ ತಪಾಸಣೆ ಮಾಡುವ ಹೊತ್ತಿಗೂ ಸಂಬಳ ಕೊಡಬೇಕು ಅಂತ 2020ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ನಮ್ಮಲ್ಲಿ ಗಾಳಿ ಉಲ್ಟಾ ಬೀಸುತ್ತಿದೆ. 2025ರ ಜೂನ್‌ನಲ್ಲಿ ದಿನದ ಮಿತಿಯನ್ನು 9ರಿಂದ 10 ಗಂಟೆಗೆ, ಒ.ಟಿ. ಸೇರಿ 12ಕ್ಕೆ, ಮೂರು ತಿಂಗಳ ಒ.ಟಿ. ಮಿತಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ರಾಜ್ಯದಲ್ಲಿ ಬಂತು. ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಅವರಿಗಾದರೂ ಸಂಘ ಇದೆ, ಸುದ್ದಿಯಾಗುತ್ತದೆ. ಪಂಚ್ ಮಾಡಿಸಿದ ಮೇಲೆ ದುಡಿಯುವವರ ಗಂಟೆಗಳು ಯಾವ ಮಿತಿಯ ಲೆಕ್ಕಕ್ಕೂ ಬರುವುದಿಲ್ಲ, ಯಾಕೆಂದರೆ ದಾಖಲೆಯಲ್ಲಿ ಅವರು ಆಗಲೇ ಮನೆ ಸೇರಿದ್ದಾರೆ.

ಅಂಗಡಿಯಲ್ಲಿ ಕೆಲಸ ಮಾಡುವ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ದಿನಾ ಬಂದ ಹೊತ್ತು, ನಿಜವಾಗಿ ಹೊರಬಿದ್ದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಸ್ ಟಿಕೆಟ್ ಎಸೆಯಬೇಡಿ, ಅದರಲ್ಲಿ ಸಮಯ ಇರುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಕೇಂದ್ರದ ಕೂಲಿ ಕಾನೂನು ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ, ದುಡ್ಡು ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯಬೇಕು ಅಂದರೆ ನನಗೆ ಮೆಸೇಜ್ ಮಾಡಿ, ಕೂತು ಬರೆದುಕೊಡುತ್ತೇನೆ. ಒಬ್ಬರೇ ಬರಬೇಡಿ, ನಾಲ್ಕೈದು ಜನ ಸೇರಿಕೊಂಡು ಬನ್ನಿ.