ಸ್ಪಷ್ಟನೆ: ಯಹೂದಿ ಪ್ರವಾದಿಗಳೆಲ್ಲ ಗಂಡಸರೇ ಅಲ್ಲ

‘ಯಹೂದಿ ಧರ್ಮದಲ್ಲಿ ಪ್ರವಾದಿಗಳೆಲ್ಲ ಗಂಡಸರೇ, ಹೆಂಗಸರಿಗೆ ಅಲ್ಲಿ ಬೆಲೆಯೇ ಇಲ್ಲ’ ಎಂಬ ಮಾತು ಆಗಾಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಮೊದಲ ಅರ್ಧ ಪೂರ್ತಿ ತಪ್ಪು. ಯಹೂದಿಗಳ ಧರ್ಮಶಾಸ್ತ್ರ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುಡ್ 48 ಪ್ರವಾದಿಗಳ ಜೊತೆಗೆ 7 ಪ್ರವಾದಿನಿಯರನ್ನೂ ಎಣಿಸುತ್ತದೆ. ಸಾರಾ, ಮಿರ್ಯಾಮ್, ದೆಬೋರ, ಹನ್ನ, ಅಬೀಗೈಲ್, ಹುಲ್ದ, ಎಸ್ತೇರ್.

ಹುಲ್ದಳನ್ನೇ ತಗೊಳ್ಳಿ. ಯೆರೂಸಲೇಮಿನ ದೇವಾಲಯದ ರಿಪೇರಿ ನಡೆದಾಗ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸ ಯೋಷೀಯ ಗಾಬರಿಯಾಗಿ ಮಹಾಯಾಜಕನನ್ನೇ ಅವಳ ಹತ್ತಿರ ಕಳಿಸಿದ. ಆಗ ಹೆಸರಾಂತ ಪ್ರವಾದಿ ಯೆರೆಮೀಯನೂ ಇದ್ದ! ಅವನನ್ನು ಬಿಟ್ಟು ಅವಳ ಹತ್ತಿರ ಯಾಕೆ ಹೋದರು ಅಂತ ತಾಲ್ಮುಡ್ ಪಂಡಿತರೇ ತಲೆ ಕೆಡಿಸಿಕೊಂಡಿದ್ದಾರೆ.

ಈಜಿಪ್ಟಿನ ಗುಲಾಮಗಿರಿಯಿಂದ ಯಹೂದಿಗಳಿಗೆ ಬಿಡುಗಡೆಯಾಗಿದ್ದು ಆ ಕಾಲದ ನೀತಿವಂತ ಹೆಂಗಸರ ಪುಣ್ಯದಿಂದ ಎಂದೂ ತಾಲ್ಮುಡ್ ಹೇಳುತ್ತದೆ. 11ನೇ ಶತಮಾನದ ‘ರಾಶಿ’ ಎಂಬ ಯಹೂದಿ ಪಂಡಿತ ಒಂದು ಸೊಗಸಾದ ಹಳೆಯ ಕತೆ ಕೊಡುತ್ತಾನೆ. ದಣಿದ ಗಂಡಂದಿರಿಗೆ ಹೆಂಗಸರು ಊಟ ಒಯ್ದು, ತಾಮ್ರದ ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ತೋರಿಸಿ, ‘ನಿನಗಿಂತ ನಾನೇ ಚಂದ ಅಲ್ವಾ’ ಎಂದು ರೇಗಿಸುತ್ತಿದ್ದರಂತೆ. ಮುಂದೆ ಆ ಕನ್ನಡಿಗಳನ್ನೇ ದೇವರ ಆರಾಧನೆಯ ಗುಡಾರಕ್ಕೆ ಕಾಣಿಕೆ ಕೊಟ್ಟಾಗ ಅವರ ನಾಯಕ ಮೋಶೆ ಮುಖ ಸಿಂಡರಿಸಿದ. ದೇವರು, ‘ತಗೋ, ಎಲ್ಲಕ್ಕಿಂತ ಇವೇ ನನಗೆ ಇಷ್ಟ’ ಎಂದನಂತೆ. ಅವುಗಳಿಂದ ಯಾಜಕರು ಕೈಕಾಲು ತೊಳೆಯುವ ತೊಟ್ಟಿ ಆಯಿತು.

ಹೆಂಗಸರಿಗೆ ಬೆಲೆಯೇ ಇಲ್ಲ ಎಂಬ ಇನ್ನುಳಿದ ಅರ್ಧವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ. ‘ನನ್ನನ್ನು ಹೆಣ್ಣಾಗಿಸದ ದೇವರಿಗೆ ಸ್ತೋತ್ರ’ ಎಂದು ಸಂಪ್ರದಾಯಸ್ಥ ಗಂಡಸರು ಬೆಳಗಿನ ಪ್ರಾರ್ಥನೆಯಲ್ಲಿ ಈಗಲೂ ಹೇಳುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ 10 ಜನರಲ್ಲಿ ಅವರು ಹೆಂಗಸರನ್ನು ಎಣಿಸುವುದಿಲ್ಲ. ಸುಧಾರಣಾವಾದಿ ಯಹೂದಿಗಳು ಎರಡನ್ನೂ ಕೈಬಿಟ್ಟಿದ್ದಾರೆ.